ಡಿಪೊ ಸುರಕ್ಷತೆಯ ಬೇಡಿಕೆ ಪತ್ರ: ಏನೇನು ಸೇರಿಸಬೇಕು, ಹೇಗೆ ಬರೆದರೆ ಕೆಲಸ ಆಗುತ್ತದೆ?

ಘಟಕ_ಕಾರ್ಯದರ್ಶಿ ಕೇಳಿದ್ದು:

ಸಾರಿಗೆ ನಿಗಮದ ಘಟಕವೊಂದರ ನೌಕರರ ಸಂಘದಿಂದ ಈ ಸಲ ಆರೋಗ್ಯ ಮತ್ತು ಸುರಕ್ಷತೆಗೆ ಮಾತ್ರ ಮೀಸಲಾದ ಪತ್ರ ಕೊಡಬೇಕೆಂದು ತೀರ್ಮಾನವಾಗಿದೆ. ವೇತನ ಪರಿಷ್ಕರಣೆ, ಹಿಂಬಾಕಿ ಇವೆಲ್ಲ ಬೇರೆ ದಾರಿಯಲ್ಲಿ ನಡೆಯುತ್ತಿವೆ, ಅದರ ಜೊತೆ ಇದನ್ನು ಬೆರೆಸುವುದಿಲ್ಲ.

ಸುಮಾರು 120 ಷೆಡ್ಯೂಲ್‌ಗಳ (ಒಂದು ಬಸ್ಸಿಗೆ ನಿಗದಿಪಡಿಸಿದ ಓಡಾಟ) ಡಿಪೊ. ಹೆಚ್ಚಿನವು ಮುಂದೆ ಎಂಜಿನ್ ಇರುವ, ಪಟ್ಟಿ ಸ್ಪ್ರಿಂಗ್‌ನ ಸಾದಾ ಬಸ್ಸುಗಳು, ಕೆಲವು ಏರ್ ಸಸ್ಪೆನ್ಷನ್‌ನವು. ಮುಂದೆ ಗುತ್ತಿಗೆ ಮಾದರಿಯ ಎಲೆಕ್ಟ್ರಿಕ್ ಬಸ್ಸುಗಳೂ ಬರಲಿವೆ. ಸಭೆಯಲ್ಲಿ ಬಂದ ವಿಷಯಗಳು: ಟೈರ್ ವಿಭಾಗದಲ್ಲಿ ಕೇಜ್ (ಗಾಳಿ ತುಂಬುವಾಗ ಟೈರನ್ನು ಇಡುವ ಉಕ್ಕಿನ ಪಂಜರ) ಬಳಸುವುದಿಲ್ಲ, ಬ್ರೇಕ್ ಡ್ರಮ್ ಧೂಳನ್ನು ಏರ್ ಹೋಸ್‌ನಲ್ಲಿ ಊದುತ್ತಾರೆ, ಎಂಜಿನ್ ಬಾನೆಟ್‌ನ ಶಾಖ ಮತ್ತು ಶಬ್ದ, ಫಾರಂ-4ರಲ್ಲಿ (ಷೆಡ್ಯೂಲ್‌ನ ಟ್ರಿಪ್‌ವಾರು ವೇಳಾಪಟ್ಟಿ) ಕೊಟ್ಟ ಸಮಯ ಸಾಲದು, ಕೊನೆಯ ನಿಲ್ದಾಣಗಳಲ್ಲಿ ಮಹಿಳಾ ನಿರ್ವಾಹಕರಿಗೆ ಶೌಚಾಲಯ ಇಲ್ಲ, ನೈಟ್ ಔಟ್‌ನಲ್ಲಿ (ರಾತ್ರಿ ಬೇರೆ ಊರಿನಲ್ಲಿ ತಂಗುವಾಗ) ಮಲಗುವ ವ್ಯವಸ್ಥೆ ಕೆಟ್ಟದಾಗಿದೆ.

ಇಂಥ ಪತ್ರಗಳಿಗೆ ಸಾಮಾನ್ಯವಾಗಿ ಬರುವ ಉತ್ತರ ‘ಪರಿಶೀಲಿಸಲಾಗುವುದು’. ಅದಕ್ಕಿಂತ ಮುಂದೆ ಹೋಗುವಂತೆ ಬರೆಯುವುದು ಹೇಗೆ? ಯಾವುದು ಮೊದಲು? ಹೊಸ ಕಾರ್ಮಿಕ ಸಂಹಿತೆಗಳು ಬಂದ ಮೇಲೆ ಯಾವ ಕಲಂ ಉಲ್ಲೇಖಿಸಬೇಕು?

---

ಪಿಟ್_ನಂಬರ್_3 ಉತ್ತರಿಸಿದ್ದು:

ಕಾನೂನು ಗೊತ್ತಿದ್ದವರು ಕಲಂ ಹೇಳುತ್ತಾರೆ, ನಾನು ವರ್ಕ್‌ಶಾಪ್ ಮಟ್ಟಿಗೆ ಹೇಳುತ್ತೇನೆ. ಪಟ್ಟಿಯಲ್ಲಿ ಮೊದಲು ಬರಬೇಕಾದ್ದು ಒಂದೇ ಏಟಿಗೆ ಪ್ರಾಣ ತೆಗೆಯುವಂಥವು. ಅವು ನಾಲ್ಕು, ನಾಲ್ಕಕ್ಕೂ ದೊಡ್ಡ ಖರ್ಚಿಲ್ಲ.

ಟೈರ್. ಲಾಕ್ ರಿಂಗ್ (ಟೈರನ್ನು ಹಿಡಿದಿಡುವ ಬಿಡಿ ಉಕ್ಕಿನ ಬಳೆ) ಇರುವ ಚಕ್ರದ ಡಿಸ್ಕ್‌ಗಳು ಇನ್ನೂ ಓಡುತ್ತಿರುವ ಡಿಪೊದಲ್ಲಿ ಇದೇ ನಂಬರ್ ಒನ್. ಒತ್ತಡ 100 ಪಿಎಸ್‌ಐ ದಾಟಿದ ಗಾಳಿ ಆ ರಿಂಗನ್ನು ಹಾರಿಸಿದರೆ ಎದುರು ನಿಂತವನು ಉಳಿಯುವುದಿಲ್ಲ. ಪತ್ರದಲ್ಲಿ ‘ಕೇಜ್ ಕೊಡಿ’ ಎಂದಷ್ಟೇ ಬರೆದರೆ ಕೇಜ್ ಬರುತ್ತದೆ, ಗೋಡೆಗೆ ಒರಗಿ ನಿಂತು ತುಕ್ಕು ಹಿಡಿಯುತ್ತದೆ. ಕಾರಣ ಸೋಮಾರಿತನವಲ್ಲ. ಏರ್ ಲೈನ್ ಒಂದು ಕಡೆ, ಕೇಜ್ ಇನ್ನೊಂದು ಕಡೆ, ಹೋಸ್ ಅಲ್ಲಿಗೆ ಎಟುಕುವುದಿಲ್ಲ. ಆದ್ದರಿಂದ ಹೀಗೆ ಕೇಳಿ: ಏರ್ ಲೈನ್ ಪಾಯಿಂಟ್ ಪಕ್ಕದಲ್ಲೇ ಕೇಜ್, ವಾಲ್ವ್‌ಗೆ ಕಚ್ಚಿ ನಿಲ್ಲುವ ಕ್ಲಿಪ್ ಆನ್ ಚಕ್, ಕೈಯಲ್ಲಿ ಹಿಡಿದು ನಿಲ್ಲಬೇಕಾದ್ದು ಬೇಡ, ಗೇಜ್ ಮತ್ತು ಆನ್-ಆಫ್ ವಾಲ್ವ್ ಹೋಸ್‌ನ ಇನ್ನೊಂದು ತುದಿಯಲ್ಲಿ, ರಿಂಗ್ ಹಾರುವ ದಿಕ್ಕಿನಿಂದ ಪಕ್ಕಕ್ಕೆ ಸರಿದು ನಿಲ್ಲುವಷ್ಟು ಹೋಸ್ ಉದ್ದ. ಸ್ಥಳೀಯ ವೆಲ್ಡರ್ ಕೈಯಲ್ಲಿ ತೆಳು ಪೈಪಿನಿಂದ ಮಾಡಿಸಿದ್ದು ಕೇಜ್ ಅಲ್ಲ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಮಾನದಂಡದ ಪ್ರಕಾರ ಟೈರಿನ ಗರಿಷ್ಠ ಒತ್ತಡದಲ್ಲಿ ರಿಂಗ್ ಸಿಡಿಯುವ ಬಲದ 150 ಪ್ರತಿಶತವನ್ನು ಅದು ತಡೆಯಬೇಕು. ವೆಲ್ಡ್ ಬಿರುಕು ಬಿಟ್ಟ ಕೇಜನ್ನು ಬಳಕೆಯಿಂದ ತೆಗೆಯಬೇಕು.

ಕೇಜ್‌ಗಿಂತ ಮೊದಲಿನ ಹೆಜ್ಜೆಯನ್ನು ಬಹಳ ಜನ ಬಿಡುತ್ತಾರೆ. ವೀಲ್ ನಟ್ ಸಡಿಲಿಸುವ ಮುಂಚೆಯೇ ವಾಲ್ವ್ ಕೋರ್ ತೆಗೆದು ಗಾಳಿ ಪೂರ್ತಿ ಬಿಡಬೇಕು, ತೂತಿನೊಳಗೆ ತಂತಿ ಹಾಕಿ ಕಸ ಕಟ್ಟಿಲ್ಲವೆಂದು ನೋಡಬೇಕು. ಹಿಂದಿನ ಜೋಡಿ ಚಕ್ರದಲ್ಲಿ ಒಳಗಿನದು ಹೊರಗಿನದು ಎರಡೂ. ಬಿರುಕು ಬಿಟ್ಟ ಡಿಸ್ಕನ್ನು ಅಲ್ಲಿಯವರೆಗೆ ನಟ್‌ಗಳೇ ಹಿಡಿದಿಟ್ಟಿರಬಹುದು, ನಟ್ ಬಿಚ್ಚಿದ ಕ್ಷಣ ಅದು ಸಿಡಿಯುತ್ತದೆ. ಇನ್ನೊಂದು, ಗಾಳಿ ಇಳಿದ ಸ್ಥಿತಿಯಲ್ಲೇ ಓಡಿ ಬಂದ ಟೈರ್‌ಗೆ ಅಲ್ಲೇ ಗಾಳಿ ತುಂಬಿ ಕಳಿಸಬಾರದು. ನಿಗದಿತ ಒತ್ತಡದ 80 ಪ್ರತಿಶತ ಅಥವಾ ಅದಕ್ಕಿಂತ ಕಡಿಮೆ ಇಟ್ಟುಕೊಂಡು ಓಡಿದ್ದರೆ ಬಿಚ್ಚಿ ಒಳಗಿನ ಪದರ ನೋಡಬೇಕು. ಗಾಳಿ ತುಂಬಿದ ರಿಂಗನ್ನು ಸುತ್ತಿಗೆಯಲ್ಲಿ ತಟ್ಟಿ ಕೂರಿಸುವುದು, ಟೈರ್ ಇರುವಾಗಲೇ ಡಿಸ್ಕ್‌ಗೆ ವೆಲ್ಡ್ ಹಾಕುವುದು, ಇವೆರಡನ್ನು ಫಲಕ ಬರೆಸಿಯೇ ನಿಷೇಧಿಸಿ.

ಸ್ಪ್ರಿಂಗ್ ಬ್ರೇಕ್ ಚೇಂಬರ್. ಹಿಂದಿನ ಆಕ್ಸಲ್‌ನ ಜೋಡಿ ಚೇಂಬರ್‌ನ ಹಿಂಭಾಗದಲ್ಲಿ ನೂರಾರು ಕಿಲೊ ಬಲಕ್ಕೆ ಅಮುಕಿಟ್ಟ ಸ್ಪ್ರಿಂಗ್ ಇದೆ. ಗಾಳಿ ಇಲ್ಲದಿದ್ದರೂ ಅದು ಅಲ್ಲೇ ಇದೆ ಎಂಬುದನ್ನು ಹೊಸ ಅಪ್ರೆಂಟಿಸ್ ಹುಡುಗರಿಗೆ ಯಾರೂ ಹೇಳುವುದಿಲ್ಲ. ಕೇಜಿಂಗ್ ಬೋಲ್ಟ್ ಒಳಗೆ ಹಾಕಿ, ಕಾಲು ಸುತ್ತು ತಿರುಗಿಸಿ ಕಚ್ಚಿಸಿ, ನಟ್ ಬಿಗಿದು ಸ್ಪ್ರಿಂಗನ್ನು ಹಿಡಿದ ಮೇಲೆಯೇ ಚೇಂಬರನ್ನು ವಾಹನದಿಂದ ಬಿಚ್ಚಬೇಕು. ಬೋಲ್ಟ್ ಕಚ್ಚುತ್ತಿಲ್ಲ ಎಂದರೆ ಒಳಗೆ ಪ್ಲೇಟ್ ಅಥವಾ ಸ್ಪ್ರಿಂಗ್ ಮುರಿದಿದೆ ಎಂದರ್ಥ. ಅದರ ಕ್ಲಾಂಪ್ ರಿಂಗನ್ನು ಮುಟ್ಟದೆ ಇಡೀ ಯುನಿಟ್ ಬದಲಿಸಿ. ಹಳೆಯದನ್ನು ಹಾಗೇ ಗುಜರಿಗೆ ಎಸೆಯುವಂತಿಲ್ಲ, ಗುಜರಿಯವನು ಗ್ಯಾಸ್ ಕಟರ್ ಹಿಡಿದಾಗ ಅವನ ಮುಖಕ್ಕೆ ಬರುತ್ತದೆ. ಬೇಡಿಕೆ: ಪ್ರತಿ ಪಾಳಿಗೆ ಸಾಕಷ್ಟು ಕೇಜಿಂಗ್ ಬೋಲ್ಟ್‌ಗಳು ಟೂಲ್ ರೂಮಿನಲ್ಲಿ, ಲೆಕ್ಕದ ಪುಸ್ತಕದೊಂದಿಗೆ.

ಜಾಕ್. ಜಾಕ್ ಎತ್ತಲಿಕ್ಕೆ, ಹಿಡಿದಿಡಲಿಕ್ಕಲ್ಲ. ತೂಕದ ಗುರುತು ಹಾಕಿದ ಸ್ಟ್ಯಾಂಡ್ ಬೇಕು, ಮರದ ದಿಮ್ಮಿ ಆಗದು. ಹ್ಯಾಂಡ್ ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು. ಆ ಚಕ್ರಗಳನ್ನೇ ಎತ್ತಿದರೆ ಬಸ್ಸಿಗೆ ಯಾವ ಬ್ರೇಕೂ ಇಲ್ಲ. ಮುಂದಿನ ಚಕ್ರಗಳಿಗೆ ಎರಡೂ ಬದಿಯಿಂದ ಅಡ್ಡಗಟ್ಟೆ ಕೊಡದೆ ಹಿಂದೆ ಎತ್ತಬಾರದು.

ಏರ್ ಸಸ್ಪೆನ್ಷನ್. ಬೆಲ್ಲೋಸ್ (ಸ್ಪ್ರಿಂಗ್ ಬದಲಿಗೆ ಬಾಡಿಯನ್ನು ಹೊರುವ ಗಾಳಿಚೀಲ) ಸೋರಿದರೆ ಅಥವಾ ಅದರ ಗಾಳಿ ಹೊಂದಿಸುವ ಲೆವೆಲಿಂಗ್ ವಾಲ್ವ್ ಕೊಂಡಿ ತಾಗಿ ಅಲುಗಿದರೆ ಬಾಡಿ ಕೆಳಗಿಳಿಯುತ್ತದೆ, ಕೆಳಗೆ ಮಲಗಿದವನಿಗೆ ಹೊರಳಲೂ ಸಮಯ ಇರುವುದಿಲ್ಲ. ಆಕ್ಸಲ್ ಕೆಳಗೆ ಸ್ಟ್ಯಾಂಡ್ ಇಟ್ಟರೆ ಉಪಯೋಗವಿಲ್ಲ, ಆಕ್ಸಲ್ ಅಲ್ಲೇ ಇರುತ್ತದೆ, ಇಳಿಯುವುದು ಬಾಡಿ. ತಯಾರಕರು ಗುರುತಿಸಿದ ಚಾಸಿಸ್ ಪಾಯಿಂಟ್‌ಗೇ ಸ್ಟ್ಯಾಂಡ್ ಕೊಡಬೇಕು. ಸಾದಾ ಬಸ್ಸಿಗೆ ಒಗ್ಗಿದ ಕೈ ಇಲ್ಲೇ ತಪ್ಪುವುದು.

ಬ್ರೇಕ್ ಧೂಳಿನ ವಿಷಯ ನಿಧಾನದ ವಿಷ. ನಮ್ಮ ದೇಶದಲ್ಲಿ ಆಸ್ಬೆಸ್ಟಾಸ್ (ಕಲ್ನಾರು) ಬಳಕೆಗೆ ಪೂರ್ತಿ ನಿಷೇಧ ಇಲ್ಲ, ಆದ್ದರಿಂದ ಲೈನರ್ (ಡ್ರಮ್‌ಗೆ ಉಜ್ಜುವ ಬ್ರೇಕ್ ಪಟ್ಟಿ) ಪೆಟ್ಟಿಗೆಯ ಮೇಲಿನ ಗುರುತು ನೋಡದೆ ‘ಈಗಿನದರಲ್ಲಿ ಇರುವುದಿಲ್ಲ ಬಿಡಿ’ ಎನ್ನಬೇಡಿ. ಆಸ್ಬೆಸ್ಟಾಸ್ ಇಲ್ಲದ್ದಾದರೂ ಸಣ್ಣ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಮಾಡಬೇಕಾದ್ದು: ಸೋಪು ನೀರನ್ನು ಕಡಿಮೆ ಒತ್ತಡದಲ್ಲಿ ಸಿಂಪಡಿಸಿ, ಕೆಳಗೆ ತಟ್ಟೆ ಇಟ್ಟು, ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಒದ್ದೆ ಇರುವಾಗಲೇ ಚೀಲಕ್ಕೆ ಹಾಕುವುದು. ಸಿಂಪಡಿಸುವ ಕ್ಯಾನ್‌ಗೆ ಎಷ್ಟಾಗುತ್ತದೆ? ಲೈನಿಂಗ್ ಉಜ್ಜುವ, ರಿವಿಟ್ ತೂತು ಕೊರೆಯುವ ಜಾಗಕ್ಕೆ ಮಾತ್ರ ಧೂಳು ಹೀರುವ ಫ್ಯಾನ್ ಬೇಕೇ ಬೇಕು, ಅಲ್ಲಿ ನೀರಿನ ಉಪಾಯ ನಡೆಯುವುದಿಲ್ಲ.

---

ಕಾನೂನು_ಕಟ್ಟೆ ಉತ್ತರಿಸಿದ್ದು:

ಕಲಂಗಳ ವಿಷಯ. 2025ರ ನವೆಂಬರ್ 21ರಿಂದ ನಾಲ್ಕು ಸಂಹಿತೆಗಳು ಜಾರಿಗೆ ಬಂದಿವೆ. 1948ರ ಕಾರ್ಖಾನೆ ಕಾಯ್ದೆ, 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಎರಡೂ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿ ಸಂಹಿತೆಯೊಳಗೆ ಸೇರಿವೆ. ಹಳೆಯ ನಿಯಮಗಳು ಹೊಸ ಸಂಹಿತೆಗೆ ವಿರುದ್ಧವಾಗದ ಮಟ್ಟಿಗೆ ಉಳಿಯುವುದರಿಂದ ಪತ್ರದಲ್ಲಿ ಎರಡನ್ನೂ ಉಲ್ಲೇಖಿಸಿ. ಹೊಸದನ್ನು ಮಾತ್ರ ಬರೆದರೆ ‘ನಿಯಮ ಬರಲಿ’ ಎನ್ನುತ್ತಾರೆ, ಹಳೆಯದನ್ನು ಮಾತ್ರ ಬರೆದರೆ ‘ಅದು ರದ್ದಾಗಿದೆ’ ಎನ್ನುತ್ತಾರೆ.

ಸಂಹಿತೆಯಲ್ಲಿ ನಿಮಗೆ ಬೇಕಾದವು: ಕಲಂ 6 ಮಾಲೀಕರ ಕರ್ತವ್ಯ. ಅಪಾಯವಿಲ್ಲದ ಕೆಲಸದ ಜಾಗ, ನಿಗದಿತ ವಯಸ್ಸಿನವರಿಗೆ ಉಚಿತ ವಾರ್ಷಿಕ ಆರೋಗ್ಯ ತಪಾಸಣೆ ಎರಡೂ ಇದರಲ್ಲಿವೆ. ಕಲಂ 14 ನೌಕರರ ಹಕ್ಕು. ಸುರಕ್ಷತೆಯ ಮಾಹಿತಿ ಕೇಳಬಹುದು. ಸನ್ನಿಹಿತ ಅಪಾಯ ಕಂಡರೆ ಮಾಲೀಕರಿಗೋ ಸುರಕ್ಷತಾ ಸಮಿತಿಗೋ ತಿಳಿಸಿ, ಅದೇ ಹೊತ್ತಿಗೆ ಇನ್ಸ್‌ಪೆಕ್ಟರ್ ಗಮನಕ್ಕೂ ತರಬಹುದು. ಕಲಂ 22 ಸುರಕ್ಷತಾ ಸಮಿತಿ. ಆದರೆ ಗಮನಿಸಿ, ಸರ್ಕಾರ ಆದೇಶ ಮಾಡಿದರೆ ಮಾತ್ರ ಸಮಿತಿ ಕಡ್ಡಾಯ. ಹಾಗಾಗಿ ಡಿಪೊ ಮ್ಯಾನೇಜರ್‌ಗೆ ‘ಕಾನೂನಿನಂತೆ ಸಮಿತಿ ಮಾಡಿ’ ಎಂದು ಬರೆದು ಸಿಕ್ಕಿಕೊಳ್ಳಬೇಡಿ. ಸ್ವಯಂಪ್ರೇರಿತ ಜಂಟಿ ಸಮಿತಿ ಕೇಳಿ, ಆದೇಶಕ್ಕಾಗಿ ಕಾರ್ಮಿಕ ಇಲಾಖೆಗೆ ಪ್ರತ್ಯೇಕ ಮನವಿ ಕೊಡಿ. ಕಲಂ 23 ಮತ್ತು 24 ಕುಡಿಯುವ ನೀರು, ಗಾಳಿ ಬೆಳಕು, ಶೌಚಾಲಯ, ತೊಳೆಯುವ ಜಾಗ, ವಿಶ್ರಾಂತಿ ಕೊಠಡಿ ಇತ್ಯಾದಿ. ಪುರುಷರು, ಮಹಿಳೆಯರು, ಲಿಂಗತ್ವ ಅಲ್ಪಸಂಖ್ಯಾತರಿಗೆ ಪ್ರತ್ಯೇಕ ಶೌಚಾಲಯ ಎಂದು 23ರಲ್ಲೇ ಇದೆ.

ಕೆಲಸದ ಅವಧಿಗೆ 1961ರ ಕಾಯ್ದೆಯ ಅಳತೆಗೋಲು ಇಷ್ಟು ಕಾಲ ಚೆನ್ನಾಗಿ ನಿಂತಿದೆ, ಅದನ್ನೇ ಹಿಡಿಯಿರಿ. ದಿನಕ್ಕೆ 8 ಗಂಟೆ, ವಾರಕ್ಕೆ 48. ದೂರದ ಮಾರ್ಗ ಮತ್ತು ಜಾತ್ರೆ-ಹಬ್ಬದ ವಿಶೇಷ ಓಡಾಟಕ್ಕೆ ಅನುಮತಿ ಪಡೆದು 10 ಮತ್ತು 54. ಸತತ 5 ಗಂಟೆ ದಾಟುವ ಮುನ್ನ ಅರ್ಧ ಗಂಟೆ ಬಿಡುವು. ಬಿಡುವೂ ಸೇರಿ ಒಟ್ಟು ಹರಹು 12 ಗಂಟೆ ಮೀರಬಾರದು. ಒಂದು ದಿನದ ಕೆಲಸ ಮುಗಿದು ಮರುದಿನ ಶುರುವಾಗುವ ನಡುವೆ ಸತತ 9 ಗಂಟೆ ವಿರಾಮ. ನೈಟ್ ಔಟ್ ಷೆಡ್ಯೂಲ್‌ಗಳನ್ನು ಈ ಕೊನೆಯ ಅಂಶಕ್ಕೆ ಹೋಲಿಸಿ ನೋಡಿ: ರಾತ್ರಿ 9.30ಕ್ಕೆ ಊರು ತಲುಪಿ ಬೆಳಿಗ್ಗೆ 5.30ಕ್ಕೆ ಹೊರಡುವ ಬಸ್ಸಿನ ಸಿಬ್ಬಂದಿಗೆ ಸಿಗುವುದು 8 ಗಂಟೆ, ಅದೂ ಕಾಗದದ ಮೇಲೆ. ರಾತ್ರಿ ತಂಗುವ ಕಡೆ ವಿಶ್ರಾಂತಿ ಕೊಠಡಿ ಕೊಡಬೇಕೆಂದು ಅದೇ ಕಾಯ್ದೆಯ ಕಲಂ 9 ಹೇಳುತ್ತಿತ್ತು. ಬಸ್ಸಿನ ಸೀಟು ವಿಶ್ರಾಂತಿ ಕೊಠಡಿಯಲ್ಲ.

ಇನ್ನೊಂದು ಅಂಶವನ್ನು ಸಂಘಗಳೇ ಮರೆತಿವೆ. ಆ ಕಾಯ್ದೆಯ ‘ಕೆಲಸದ ಅವಧಿ’ ವ್ಯಾಖ್ಯೆಯಲ್ಲಿ ಸ್ಟೀರಿಂಗ್ ಹಿಡಿದ ಹೊತ್ತು ಮಾತ್ರ ಇಲ್ಲ. ಹಾಜರಿ ಹಾಕಿ ಬಸ್ ಪಡೆಯುವುದು, ಬಸ್ಸನ್ನು ಶೆಡ್‌ಗೆ ಸೇರಿಸುವುದು, ಲೆಕ್ಕ ಬರೆದು ಹಣ ಕಟ್ಟುವುದು ಎಲ್ಲ ಕೆಲಸವೇ. ಕೊನೆಯ ನಿಲ್ದಾಣದಲ್ಲಿ 15 ನಿಮಿಷಕ್ಕಿಂತ ಕಡಿಮೆ ಕಾಯುವುದೂ ಕೆಲಸವೇ, ಬಿಡುವಲ್ಲ. ಫಾರಂ-4ರಲ್ಲಿ 10 ನಿಮಿಷ, 12 ನಿಮಿಷ ಎಂದು ತುಂಡು ತುಂಡಾಗಿ ಕೊಟ್ಟು ಕೂಡಿಸಿ ‘ಬಿಡುವು 40 ನಿಮಿಷ’ ಎಂದು ತೋರಿಸಿದ್ದರೆ ಅದು ನಿಲ್ಲುವುದಿಲ್ಲ.

---

ವೇಳಾಪಟ್ಟಿ_ಲೆಕ್ಕಿಗ ಉತ್ತರಿಸಿದ್ದು:

ಫಾರಂ-4 ಬಗ್ಗೆ ‘ಅವೈಜ್ಞಾನಿಕ’ ಎಂದು ಬರೆಯುವುದನ್ನು ದಯವಿಟ್ಟು ನಿಲ್ಲಿಸಿ. ಆ ಪದ ಎಷ್ಟು ಮನವಿಗಳಲ್ಲಿ ಬಂದಿದೆಯೆಂದರೆ ಓದುವವರ ಕಣ್ಣು ಅದರ ಮೇಲೆ ನಿಲ್ಲುವುದೇ ಇಲ್ಲ. ಅಂಕಿ ಕೊಡಿ.

ಎಲ್ಲ 120 ಷೆಡ್ಯೂಲ್ ಬೇಡ. ಅತಿ ಹೆಚ್ಚು ದೂರು ಇರುವ 8–10 ಆರಿಸಿ. ಪ್ರತಿಯೊಂದಕ್ಕೂ ಒಂದು ತಿಂಗಳ ಲಾಗ್‌ಶೀಟ್ ಮತ್ತು ಟಿಕೆಟ್ ಯಂತ್ರದ ದತ್ತಾಂಶ ಪಡೆಯಿರಿ. ಲಾಗ್‌ಶೀಟ್‌ನಲ್ಲಿ ಸಮಯವನ್ನು ‘ಸರಿ’ ಮಾಡಿ ಬರೆಯುವ ಅಭ್ಯಾಸ ಇದೆ, ಟಿಕೆಟ್ ಯಂತ್ರ ಸುಳ್ಳು ಹೇಳುವುದಿಲ್ಲ: ಯಾವ ಸ್ಟೇಜ್‌ನಲ್ಲಿ ಎಷ್ಟು ಗಂಟೆಗೆ ಟಿಕೆಟ್ ಹರಿಯಿತು ಎಂಬುದು ಅದರಲ್ಲಿದೆ. ಟ್ರಿಪ್‌ವಾರು ಓಟದ ಸಮಯ ತೆಗೆದು ಏರಿಕೆ ಕ್ರಮದಲ್ಲಿ ಜೋಡಿಸಿ. ಸರಾಸರಿ ಬೇಡ, ಒಂದು ದಿನದ ಬ್ರೇಕ್‌ಡೌನ್ ಅದನ್ನು ಕೆಡಿಸುತ್ತದೆ, ಅದನ್ನೇ ಹಿಡಿದು ಎದುರಿನವರು ಇಡೀ ಪಟ್ಟಿ ತಳ್ಳಿಹಾಕುತ್ತಾರೆ. ಆ ಸಾಲಿನ ಸರಿ ಮಧ್ಯದಲ್ಲಿ ಬರುವ ಸಮಯವನ್ನು, ಅಂದರೆ ನಡುವಿನ ಬೆಲೆಯನ್ನು, ಓಟದ ಸಮಯವಾಗಿ ಕೇಳಿ. ಹತ್ತರಲ್ಲಿ ಒಂಬತ್ತು ಟ್ರಿಪ್ ಮುಗಿಯಲು ಬೇಕಾಗುವ ಸಮಯಕ್ಕೂ ನಡುವಿನ ಬೆಲೆಗೂ ಇರುವ ವ್ಯತ್ಯಾಸವನ್ನು ಕೊನೆಯ ನಿಲ್ದಾಣದ ತಂಗುವ ಹೊತ್ತಾಗಿ ಕೇಳಿ. ಬೆಳಿಗ್ಗೆ, ಮಧ್ಯಾಹ್ನ, ಸಂಜೆಗೆ ಬೇರೆ ಬೇರೆ ಲೆಕ್ಕ. ದಿನವಿಡೀ ಒಂದೇ ಓಟದ ಸಮಯ ಕೊಟ್ಟಿರುವುದೇ ಅರ್ಧ ಸಮಸ್ಯೆ.

ಮಹಿಳೆಯರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ 2023ರ ಜೂನ್ 11ಕ್ಕೆ ಶುರುವಾಯಿತು. ಅದಕ್ಕಿಂತ ಹಿಂದೆ ನಿಗದಿಯಾದ ಓಟದ ಸಮಯ ಇನ್ನೂ ಇರುವ ಷೆಡ್ಯೂಲ್‌ಗಳನ್ನು ಪ್ರತ್ಯೇಕ ಪಟ್ಟಿ ಮಾಡಿ. ಶೂನ್ಯ ಟಿಕೆಟನ್ನೂ ಹರಿಯಬೇಕು, ಗುರುತಿನ ಚೀಟಿ ನೋಡಬೇಕು, ಹತ್ತಿ ಇಳಿಯುವವರು ಹೆಚ್ಚು. 40 ನಿಲುಗಡೆಯ ಮಾರ್ಗದಲ್ಲಿ ನಿಲುಗಡೆಗೆ 20 ಸೆಕೆಂಡ್ ಹೆಚ್ಚಾದರೂ ಒಂದು ಟ್ರಿಪ್‌ಗೆ 13 ನಿಮಿಷ. ಆ 13 ನಿಮಿಷ ಹೋಗುವುದು ಊಟದ ಬಿಡುವಿನಿಂದ, ಇಲ್ಲವೇ ವೇಗದಿಂದ. ಯೋಜನೆಯ ಬಗ್ಗೆ ತಕರಾರು ಎತ್ತಬೇಡಿ, ಅದು ಬೇರೆ ಚರ್ಚೆಗೆ ಎಳೆಯುತ್ತದೆ. ಸಮಯ ಮಾತ್ರ ಕೇಳಿ.

ದತ್ತಾಂಶ ಕೊಡದಿದ್ದರೆ ಮಾಹಿತಿ ಹಕ್ಕು ಅರ್ಜಿ: 10 ರೂಪಾಯಿ, 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಹತ್ತು ಷೆಡ್ಯೂಲ್‌ನ ಲಾಗ್‌ಶೀಟ್, ಅಪಘಾತ ವಿವರ, ಓಟಿ ಲೆಕ್ಕ ಎಲ್ಲವನ್ನೂ ಒಂದರಲ್ಲೇ ತುರುಕಿದರೆ ತಿರಸ್ಕರಿಸಲು ಅವರಿಗೆ ಸುಲಭದ ಕಾರಣ ಸಿಕ್ಕಿತು.

---

ಉದ್ಯೋಗಾರೋಗ್ಯ_ವೈದ್ಯೆ ಉತ್ತರಿಸಿದ್ದು:

ಶಾಖ-ಶಬ್ದಕ್ಕೆ ಮೊದಲು ಮೂಲ ಹುಡುಕಿ. ಮುಂದಿನ ಎಂಜಿನ್ ಬಸ್ಸಿನಲ್ಲಿ ಬಹುಪಾಲು ಸಮಸ್ಯೆ ಬಾನೆಟ್ ಮುಚ್ಚಳದಿಂದ: ಅಂಚಿನ ರಬ್ಬರ್ ಬೀಡಿಂಗ್ ಹರಿದಿರುತ್ತದೆ, ಒಳಗಿನ ಶಾಖ ತಡೆಯುವ ಹಾಸು ಡೀಸೆಲ್ ಕುಡಿದು ಉದುರಿರುತ್ತದೆ, ಕೊಂಡಿಗಳು ಸಡಿಲ. ಅದೇ ಸಂದಿಯಿಂದ ಹೊಗೆಯೂ ಒಳಬರುತ್ತದೆ. ಡೀಸೆಲ್ ಹೊಗೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲೇ ಮನುಷ್ಯರಿಗೆ ಕ್ಯಾನ್ಸರ್ ತರುವ ಮೊದಲ ಗುಂಪಿಗೆ ಸೇರಿಸಿದೆ. ‘ಬೀಡಿಂಗ್, ಹಾಸು, ಕೊಂಡಿ ಡಾಕಿಂಗ್ (ನಿಯತ ಅವಧಿಯ ತಪಾಸಣೆ-ದುರಸ್ತಿ) ಚೆಕ್‌ಲಿಸ್ಟ್‌ನಲ್ಲಿ ಸೇರಲಿ’ ಎಂಬುದು ಒಂದು ಸಾಲಿನ ಬೇಡಿಕೆ. ಚೆಕ್‌ಲಿಸ್ಟ್‌ನಲ್ಲಿ ಇಲ್ಲದ ಭಾಗಕ್ಕೆ ಸ್ಟೋರ್‌ನಿಂದ ಸಾಮಾನು ಬರುವುದಿಲ್ಲ.

ಬೆಳಗಿನ ಜಾವ ಶೆಡ್ ತುಂಬಾ ಹೊಗೆ ಕಟ್ಟುವುದಕ್ಕೂ ಕಾರಣ ಗಾಳಿ ಸೋರಿಕೆ. ರಾತ್ರಿಯಲ್ಲಿ ಬ್ರೇಕ್ ಟ್ಯಾಂಕ್ ಖಾಲಿಯಾದ ಬಸ್ಸು ಒತ್ತಡ ಏರುವವರೆಗೆ ನಿಂತಲ್ಲೇ ಎಂಜಿನ್ ಓಡಿಸಬೇಕು. ಸೋರಿಕೆ ಸರಿಪಡಿಸಿದರೆ ಹೊಗೆಯೂ ಕಡಿಮೆ, ಡೀಸೆಲೂ ಉಳಿಯುತ್ತದೆ. ಕೆಎಂಪಿಎಲ್ (ಲೀಟರ್‌ಗೆ ಓಡುವ ಕಿಲೊಮೀಟರ್) ಎಂದರೆ ಅಧಿಕಾರಿಗಳಿಗೆ ತಕ್ಷಣ ಕಿವಿ ಕೇಳುತ್ತದೆ, ಈ ಅಂಶವನ್ನು ಹಾಗೇ ಬರೆಯಿರಿ.

ಶಬ್ದದ ಮಿತಿ ಕಾರ್ಖಾನೆ ನಿಯಮಗಳಲ್ಲಿ 8 ಗಂಟೆಗೆ 90 ಡೆಸಿಬಲ್. 95ಕ್ಕೆ 4 ಗಂಟೆ, 100ಕ್ಕೆ 2 ಗಂಟೆ. ಮೊಬೈಲ್ ಆ್ಯಪ್‌ನ ಅಳತೆ ಯಾವ ಬಸ್ಸು ಕೆಟ್ಟದು ಎಂದು ನಿಮಗೆ ಗೊತ್ತಾಗಲು ಸಾಕು, ಪತ್ರಕ್ಕೆ ಅಲ್ಲ. ಪತ್ರದಲ್ಲಿ ‘ಪರೀಕ್ಷೆಗೊಳಪಟ್ಟ ಮೀಟರ್‌ನಿಂದ ಚಾಲಕರ ಕಿವಿಯ ಮಟ್ಟದಲ್ಲಿ, ಓಟದ ಸ್ಥಿತಿಯಲ್ಲಿ ಅಳೆಯಿರಿ’ ಎಂದು ಕೇಳಿ. ಶಬ್ದದಿಂದಾದ ಕಿವುಡುತನ ಕಾರ್ಖಾನೆ ಕಾಯ್ದೆಯ ಕಾಲದಿಂದಲೂ ವರದಿ ಮಾಡಲೇಬೇಕಾದ ಉದ್ಯೋಗರೋಗಗಳ ಪಟ್ಟಿಯಲ್ಲಿದೆ. ವೈದ್ಯರು ಬರೆಯುವುದಿಲ್ಲ, ಏಕೆಂದರೆ ರೋಗಿಯ ಕೆಲಸ ಏನೆಂದು ಕೇಳಿರುವುದಿಲ್ಲ. ಬಾಡಿ ಬಿಲ್ಡಿಂಗ್, ಟಿನ್‌ಸ್ಮಿತ್ ವಿಭಾಗದವರ ಶ್ರವಣ ಪರೀಕ್ಷೆ ಸೇರ್ಪಡೆಯಾದ ವರ್ಷವೇ ಒಮ್ಮೆ ಆಗಿರಬೇಕು, ಇಲ್ಲದಿದ್ದರೆ ಮುಂದೆ ಹೋಲಿಸಲು ಏನೂ ಇರುವುದಿಲ್ಲ.

ಬೆನ್ನುನೋವಿಗೆ ಸೀಟು. ಚಾಲಕರ ಸೀಟಿನ ಕೆಳಗೆ ಮೈತೂಕಕ್ಕೆ ಹೊಂದಿಸುವ ತಿರುಪು ಇರುವ ಮಾದರಿಗಳಲ್ಲಿ ಅದು ತುಕ್ಕು ಹಿಡಿದು ತಿರುಗುವುದೇ ಇಲ್ಲ. 55 ಕಿಲೊದವರಿಗೂ 90 ಕಿಲೊದವರಿಗೂ ಒಂದೇ ಸೆಟ್ಟಿಂಗ್. ಡ್ಯಾಂಪರ್ ಸತ್ತ ಸೀಟು ಹಂಪ್‌ನಲ್ಲಿ ತಳಕ್ಕೆ ಬಡಿಯುತ್ತದೆ, ಬೆನ್ನುಮೂಳೆಗೆ ಅದು ಸಾದಾ ಸೀಟಿಗಿಂತ ಕೆಟ್ಟದ್ದು. ಯುರೋಪಿನ 2002ರ ನಿರ್ದೇಶನದಲ್ಲಿ ಇಡೀ ದೇಹದ ಕಂಪನಕ್ಕೆ 8 ಗಂಟೆಯ ಲೆಕ್ಕದಲ್ಲಿ 0.5 ಮೀಟರ್ ಪ್ರತಿ ಸೆಕೆಂಡ್ ವರ್ಗ ದಾಟಿದರೆ ಕ್ರಮ, 1.15 ದಾಟಲೇಬಾರದು, ದಾಟಿದರೆ ತಕ್ಷಣ ಕಡಿಮೆ ಮಾಡಿ ಎಂದಿದೆ. ನಮ್ಮಲ್ಲಿ ಅಳೆಯುವುದೇ ಇಲ್ಲ, ಆದರೆ ಸೀಟು ದುರಸ್ತಿಗೆ ಅಳತೆ ಕಾಯಬೇಕಿಲ್ಲ.

ಶೌಚಾಲಯದ ಬೇಡಿಕೆಯನ್ನು ‘ಸೌಲಭ್ಯ’ ಎಂಬ ಶೀರ್ಷಿಕೆಯಡಿ ಹಾಕಬೇಡಿ, ‘ಆರೋಗ್ಯ’ದಡಿ ಹಾಕಿ. ನೀರು ಕುಡಿಯದೆ ಡ್ಯೂಟಿ ಮಾಡುವವರಿಗೆ ಮೂತ್ರದ ಸೋಂಕು, ಬೇಸಿಗೆಯಲ್ಲಿ ಕಿಡ್ನಿ ಕಲ್ಲು. ಕಟ್ಟಡ ಕಟ್ಟುವವರೆಗೆ ಕಾಯಬೇಕಾಗಿಲ್ಲ: ಕೊನೆಯ ನಿಲ್ದಾಣದ ಪಕ್ಕದ ಪಂಚಾಯಿತಿ ಕಚೇರಿ, ಆರೋಗ್ಯ ಕೇಂದ್ರ, ಪೆಟ್ರೋಲ್ ಬಂಕ್ ಜೊತೆ ಡಿಪೊದಿಂದ ಲಿಖಿತ ಒಪ್ಪಂದ ಆಗಲಿ, ಮಾರ್ಗವಾರು ಪಟ್ಟಿ ನೋಟಿಸ್ ಬೋರ್ಡಿಗೆ ಬರಲಿ. ಮುಖ್ಯವಾಗಿ ಫಾರಂ-4ರಲ್ಲಿ ಹೋಗಿ ಬರುವ ಸಮಯ ಇರಲಿ. ಬಾಗಿಲು ತೆರೆದಿದ್ದೂ ಸಮಯ ಇಲ್ಲದಿದ್ದರೆ ಏನು ಬಂತು? ಲಂಡನ್ನಿನ ಬಸ್ ಚಾಲಕರೂ ಇದನ್ನೇ ವರ್ಷಗಟ್ಟಲೆ ಕೇಳಿದರು. 2018ರಲ್ಲಿ ಅಲ್ಲಿನ ಮೇಯರ್ 60 ಲಕ್ಷ ಪೌಂಡ್ ಮೀಸಲಿಟ್ಟು ಶೌಚಾಲಯ ಇಲ್ಲದ ಮಾರ್ಗಗಳಲ್ಲಿ ಕಟ್ಟಿಸಲು ಒಪ್ಪಿದರು. ಅಲ್ಲೂ ಕೆಲಸ ನಡೆದದ್ದು ‘ಯಾವ ಮಾರ್ಗದಲ್ಲಿ ಇಲ್ಲ’ ಎಂಬ ಮಾರ್ಗವಾರು ಪಟ್ಟಿ ಹಿಡಿದು.

---

ಡಬಲ್_ಬೆಲ್ ಉತ್ತರಿಸಿದ್ದು:

ಚಾಲಕ-ಕಂ-ನಿರ್ವಾಹಕ ವ್ಯವಸ್ಥೆಯನ್ನು ಯಾರೂ ಮುಟ್ಟಲಿಲ್ಲ. ಅದು ಸುರಕ್ಷತೆಯ ವಿಷಯವೇ. 2024ರ ನವೆಂಬರ್‌ನಲ್ಲಿ ನೆಲಮಂಗಲ–ದಾಸನಪುರ ಮಾರ್ಗದ ಬಿಎಂಟಿಸಿ ಬಸ್ಸಿನ ಚಾಲಕರು ಓಟದಲ್ಲೇ ಹೃದಯಾಘಾತವಾಗಿ ಕುಸಿದಾಗ ನಿರ್ವಾಹಕರು ಸೀಟಿಗೆ ನುಗ್ಗಿ ಬಸ್ ನಿಲ್ಲಿಸಿದ ವಿಡಿಯೊ ಎಲ್ಲರೂ ನೋಡಿದ್ದೇವೆ. ಒಬ್ಬರೇ ಇರುವ ಬಸ್ಸಿನಲ್ಲಿ ಆ ಕೆಲಸಕ್ಕೆ ಯಾರಿದ್ದಾರೆ?

---

ಉದ್ಯೋಗಾರೋಗ್ಯ_ವೈದ್ಯೆ:

ಒಪ್ಪುತ್ತೇನೆ, ಆದರೆ ಆ ವಾದವನ್ನು ಒಂದು ಘಟನೆಯ ಮೇಲೆ ನಿಲ್ಲಿಸಬೇಡಿ. ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳ ಬಗ್ಗೆ 1953ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ ಮೆಟ್ಟಿಲು ಹತ್ತಿ ಇಳಿಯುತ್ತಿದ್ದ ನಿರ್ವಾಹಕರಿಗಿಂತ ಕುಳಿತೇ ಇರುತ್ತಿದ್ದ ಚಾಲಕರಲ್ಲಿ ಹೃದ್ರೋಗ ಹೆಚ್ಚು ಕಂಡಿತ್ತು. ಚಾಲಕರ ಕೆಲಸದಲ್ಲೇ ಅಪಾಯ ಇದೆ ಎನ್ನಲು ಅದು ಒಂದು ಆಧಾರ. ಇನ್ನೊಂದು ಕಡೆ, ಸಾರಿಗೆ ವಾಹನದ ಲೈಸೆನ್ಸ್ ನವೀಕರಣ ಈಗ 5 ವರ್ಷಕ್ಕೊಮ್ಮೆ. ಅದರ ಜೊತೆಗಿನ ವೈದ್ಯಕೀಯ ಪ್ರಮಾಣಪತ್ರವನ್ನೇ ನಂಬಿದರೆ ನಡುವೆ ಬಂದ ಸಕ್ಕರೆ, ಬಿಪಿ ಯಾರ ಕಣ್ಣಿಗೂ ಬೀಳುವುದಿಲ್ಲ. ವಾರ್ಷಿಕ ತಪಾಸಣೆಯಲ್ಲಿ ಇರಬೇಕಾದ್ದು ಬಿಪಿ, ಸಕ್ಕರೆಯ ಮೂರು ತಿಂಗಳ ಸರಾಸರಿ, ಕೊಬ್ಬಿನ ಪ್ರಮಾಣ, ಇಸಿಜಿ, ದೃಷ್ಟಿ. ಜೊತೆಗೆ ಜೋರು ಗೊರಕೆ ಮತ್ತು ಹಗಲು ತೂಕಡಿಕೆಯ ಬಗ್ಗೆ ನಾಲ್ಕು ಪ್ರಶ್ನೆ, ಏಕೆಂದರೆ ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇರುವ ಚಾಲಕರಿಗೆ ಅದು ಗೊತ್ತೇ ಇರುವುದಿಲ್ಲ.

ಒಂದು ಷರತ್ತು ಮಾತ್ರ ಪತ್ರದಲ್ಲಿ ಇರಲೇಬೇಕು: ತಪಾಸಣೆಯ ಫಲಿತಾಂಶ ವೈದ್ಯರಿಂದ ನೌಕರನಿಗೆ ಹೋಗಲಿ, ಡಿಪೊಗೆ ‘ಅರ್ಹ’ ಅಥವಾ ‘ತಾತ್ಕಾಲಿಕ ಲಘು ಕೆಲಸ’ ಎಂಬಷ್ಟೇ ಹೋಗಲಿ, ಲಘು ಕೆಲಸದ ಅವಧಿಗೆ ವೇತನ ಕಡಿತ ಇರಬಾರದು. ಇದು ಇಲ್ಲದಿದ್ದರೆ ಮಾತ್ರೆ ನುಂಗುವವರು ತಪಾಸಣೆಯ ದಿನ ರಜೆ ಹಾಕುತ್ತಾರೆ.

---

ಆರೆಂಜ್_ಕೇಬಲ್ ಉತ್ತರಿಸಿದ್ದು:

ಎಲೆಕ್ಟ್ರಿಕ್ ಬಸ್ ಬರುವ ಮುಂಚೆಯೇ ಕೇಳಿದರೆ ಸುಲಭ, ಬಂದ ಮೇಲೆ ‘ಅದು ಗುತ್ತಿಗೆದಾರರದ್ದು’ ಎನ್ನುತ್ತಾರೆ. ಬೆಂಗಳೂರಿನ ಮಾದರಿಯಲ್ಲಿ ಬಸ್ಸು-ಚಾಲಕ ಕಂಪನಿಯವರು, ನಿರ್ವಾಹಕ ನಿಗಮದವರು. ಒಂದೇ ಬಸ್ಸಿನ ಇಬ್ಬರಿಗೆ ಎರಡು ಮಾಲೀಕರು. ಹೊಸ ಸಂಹಿತೆಯ ಕಲಂ 53ರ ಪ್ರಕಾರ 23 ಮತ್ತು 24ರ ಸೌಲಭ್ಯಗಳನ್ನು ಗುತ್ತಿಗೆ ಕಾರ್ಮಿಕರಿಗೆ ಪ್ರಧಾನ ಮಾಲೀಕರೇ (ಇಲ್ಲಿ ನಿಗಮ) ಒದಗಿಸಬೇಕು. ಹಾಗಾಗಿ ವಿಶ್ರಾಂತಿ ಕೊಠಡಿ, ಶೌಚಾಲಯದ ಲೆಕ್ಕದಲ್ಲಿ ಆ ಚಾಲಕರನ್ನೂ ಸೇರಿಸಿ ಕೇಳಿ. ಅವರನ್ನು ಬಿಟ್ಟರೆ ನಾಳೆ ಅವರ ಡ್ಯೂಟಿ ಗಂಟೆಗಳನ್ನೇ ನಿಮ್ಮ ಮುಂದೆ ಅಳತೆಯಾಗಿ ಇಡುತ್ತಾರೆ.

ತಾಂತ್ರಿಕವಾಗಿ: ಕಿತ್ತಳೆ ಬಣ್ಣದ ಕೇಬಲ್ ಎಂದರೆ ಹೈ ವೋಲ್ಟೇಜ್. ಸರ್ವಿಸ್ ಡಿಸ್ಕನೆಕ್ಟ್ (ಬ್ಯಾಟರಿಯ ವಿದ್ಯುತ್ ಕಡಿಯುವ ಪ್ಲಗ್) ಕಿತ್ತು, ಬೀಗ ಹಾಕಿ, ತಯಾರಕರು ಹೇಳಿದಷ್ಟು ನಿಮಿಷ ಕಾದು, ಮೀಟರ್‌ನಲ್ಲಿ ಸೊನ್ನೆ ನೋಡಿದ ಮೇಲೆಯೇ ಕೈ. ಕಾಯುವುದು ಏಕೆಂದರೆ ಇನ್ವರ್ಟರ್‌ನ ಕೆಪಾಸಿಟರ್‌ಗಳಲ್ಲಿ ಚಾರ್ಜ್ ಉಳಿದಿರುತ್ತದೆ. 1000 ವೋಲ್ಟ್‌ವರೆಗಿನ ಕೆಲಸಕ್ಕೆ ಕ್ಲಾಸ್ 0 ರಬ್ಬರ್ ಗ್ಲೌಸ್, ಮೇಲೆ ಚರ್ಮದ ಗ್ಲೌಸ್, ಪ್ರತಿ ಬಳಕೆಗೂ ಮುನ್ನ ಗಾಳಿ ತುಂಬಿ ತೂತು ನೋಡುವುದು. ಬಸ್ಸು ತೊಳೆಯುವವರಿಗೂ ತರಬೇತಿ ಕೊಡಿಸಿ. ಹೈ ಪ್ರೆಶರ್ ನೀರನ್ನು ಚಾರ್ಜಿಂಗ್ ಪೋರ್ಟ್‌ಗೆ, ಕನೆಕ್ಟರ್‌ಗಳಿಗೆ ನೇರ ಹಿಡಿಯುವವರು ಅವರೇ, ತರಬೇತಿ ಪಟ್ಟಿಯಲ್ಲಿ ಹೆಸರಿಲ್ಲದವರೂ ಅವರೇ.

---

ಘಟಕ_ಕಾರ್ಯದರ್ಶಿ:

ಎಲ್ಲರಿಗೂ ವಂದನೆ. ಎರಡು ಪ್ರಶ್ನೆ ಉಳಿದಿವೆ. ಪ್ರಯಾಣಿಕರಿಂದ ಹಲ್ಲೆ ಇದೇ ಪತ್ರದಲ್ಲಿ ಇರಲೇ? ಪತ್ರ ಯಾರಿಗೆ ಕೊಡುವುದು?

---

ಕಾನೂನು_ಕಟ್ಟೆ:

ಹಲ್ಲೆ ಇರಲಿ. 1950ರ ರಸ್ತೆ ಸಾರಿಗೆ ನಿಗಮಗಳ ಕಾಯ್ದೆಯ ಕಲಂ 43ರಂತೆ ನಿಗಮದ ನೌಕರರು ಸಾರ್ವಜನಿಕ ಸೇವಕರು, ಆದ್ದರಿಂದ ಕರ್ತವ್ಯಕ್ಕೆ ಅಡ್ಡಿಪಡಿಸಿ ಹಲ್ಲೆ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 132, ಗಾಯವಾಗಿದ್ದರೆ 121 ಕೂಡ. ಆದರೆ ಕೇಳಬೇಕಾದ್ದು ಕಲಂ ಅಲ್ಲ. ದೂರನ್ನು ನೌಕರ ಒಂಟಿಯಾಗಿ ಠಾಣೆಗೆ ಹೋಗಿ ಕೊಡುವ ಬದಲು ನಿಗಮದ ಪರವಾಗಿ ಅಧಿಕಾರಿಯೇ ಕೊಡಬೇಕು, ಠಾಣೆ-ಆಸ್ಪತ್ರೆಯಲ್ಲಿ ಕಳೆದ ಹೊತ್ತನ್ನು ಡ್ಯೂಟಿ ಎಂದು ಬರೆಯಬೇಕು, ಬಸ್ಸಿನ ಕ್ಯಾಮೆರಾ ದೃಶ್ಯ ಅಳಿಸಿಹೋಗುವ ಮುನ್ನ ತೆಗೆದಿಡಬೇಕು. ಈ ಮೂರು ಇಲ್ಲದೆ ಬಹುತೇಕ ಪ್ರಕರಣಗಳು ರಾಜಿಯಲ್ಲಿ ಮುಗಿಯುತ್ತವೆ.

ಪತ್ರ ಒಂದೇ ಅಲ್ಲ, ಮೂರು ಮಾಡಿ. ಡಿಪೊ ಮ್ಯಾನೇಜರ್ ಕೈಯಲ್ಲೇ ಆಗುವ ಕೆಲಸಗಳು: ಕೇಜ್ ಜಾಗ ಬದಲಿಸುವುದು, ಕೇಜಿಂಗ್ ಬೋಲ್ಟ್, ಸ್ಟ್ಯಾಂಡ್, ಸಿಂಪಡಿಸುವ ಕ್ಯಾನ್, ಶೌಚಾಲಯ ಒಪ್ಪಂದ, ಗಡುವು 15 ದಿನ. ವಿಭಾಗೀಯ ನಿಯಂತ್ರಣಾಧಿಕಾರಿ ಮತ್ತು ವಿಭಾಗೀಯ ಯಾಂತ್ರಿಕ ಇಂಜಿನಿಯರ್ ಮಟ್ಟದವು: ಫಾರಂ-4 ಪರಿಷ್ಕರಣೆ, ಡಾಕಿಂಗ್ ಚೆಕ್‌ಲಿಸ್ಟ್, ಸೀಟು ದುರಸ್ತಿ. ಕೇಂದ್ರ ಕಚೇರಿಯವು: ವಾರ್ಷಿಕ ತಪಾಸಣೆ, ಎಲೆಕ್ಟ್ರಿಕ್ ಒಪ್ಪಂದದ ಷರತ್ತು. ಎಲ್ಲವನ್ನೂ ಒಂದೇ ಪತ್ರದಲ್ಲಿ ಹಾಕಿದರೆ ಅದು ಮೇಲಕ್ಕೆ ಹೋಗಿ ಅಲ್ಲೇ ಕೂರುತ್ತದೆ, ಡಿಪೊದಲ್ಲಿ ಆಗಬೇಕಾದ್ದೂ ಜೊತೆಗೆ ಕೂರುತ್ತದೆ. ಪ್ರತಿ ಅಂಶಕ್ಕೂ ಜಾಗ, ವಾಹನ ಸಂಖ್ಯೆ ಅಥವಾ ಷೆಡ್ಯೂಲ್ ಸಂಖ್ಯೆ, ಅಪಾಯ, ಪರಿಹಾರ, ಗಡುವು ಎಂದು ಐದು ಕಾಲಂ. ಫೋಟೊ ಹಾಕುವಾಗ ಕೆಲಸಗಾರರ ಮುಖ ಬರದಂತೆ ನೋಡಿ, ಇಲ್ಲದಿದ್ದರೆ ಮೊದಲು ಬರುವುದು ‘ಸುರಕ್ಷತಾ ಕ್ರಮ ಪಾಲಿಸಿಲ್ಲ’ ಎಂಬ ಮೆಮೊ, ಅದೂ ಅವರ ಹೆಸರಿಗೇ.

---

ಪಿಟ್_ನಂಬರ್_3:

ಐದು ಕಾಲಂ ಜೊತೆ ಆರನೆಯದು ಖಾಲಿ ಬಿಡಿ: ‘ಜಂಟಿ ಪರಿಶೀಲನೆಯ ದಿನಾಂಕ ಮತ್ತು ಸಹಿ’. ಕೇಜ್ ಬಂತು ಎಂದು ಆಫೀಸಿನಲ್ಲಿ ಬರೆದುಕೊಳ್ಳುವ ಮುನ್ನ ಟೈರ್ ವಿಭಾಗದವರೇ ಹೋಸ್ ಎಳೆದು, ಎಟುಕುತ್ತದೆಯೇ ನೋಡಿ ಸಹಿ ಹಾಕಲಿ. ಬ್ರೇಕ್ ಲೈನರ್ ಇರುವ ವಿಭಾಗಕ್ಕೆ ಇನ್ನೊಂದು ಸಾಲು ಸೇರಿಸಿ: ಸುಪ್ರೀಂ ಕೋರ್ಟ್ 1995ರಲ್ಲಿ ಆಸ್ಬೆಸ್ಟಾಸ್ ಕಾರ್ಮಿಕರ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ ಅಥವಾ ನಿವೃತ್ತಿಯ ನಂತರ 15 ವರ್ಷ, ಯಾವುದು ತಡವೋ ಅಲ್ಲಿಯವರೆಗೆ ಇಡಬೇಕೆಂದು ಹೇಳಿದೆ. ಹಳೆಯ ಲೈನರ್‌ಗಳಲ್ಲಿ ಕೆಲಸ ಮಾಡಿ ನಿವೃತ್ತರಾದವರ ಹೆಸರುಗಳೂ ಆ ಪಟ್ಟಿಯಲ್ಲಿ ಬರಬೇಕು. ಸ್ಟೋರ್‌ನ ಹಳೆಯ ಖರೀದಿ ಪುಸ್ತಕಗಳನ್ನು ಗುಜರಿಗೆ ಹಾಕುವ ಮುನ್ನ ಲೈನರ್ ಬ್ರ್ಯಾಂಡ್, ವರ್ಷ ಬರೆದಿಟ್ಟುಕೊಳ್ಳಿ.